ಐಸಪ್ಪನ ನಂಬರು

ನನ್ನ ಚಿಕ್ಕಪ್ಪ ಫ್ರಿಜ್ ರಿಪೇರಿ ಮಾಡುತ್ತಾರೆ. ಊರಿಗೆಲ್ಲ ಅವರು ಐಸಪ್ಪ. ಕೆಲಸ ಮುಗಿದ ಮೇಲೆ ಫ್ರಿಜ್ಜಿನ ಬಾಗಿಲ ಒಳಬದಿಗೆ, ಮೊಟ್ಟೆ ಇಡುವ ಜಾಗದ ಪಕ್ಕ, ತಮ್ಮ ಮೊಬೈಲ್ ನಂಬರಿನ ನೀಲಿ ಚೀಟಿ ಅಂಟಿಸಿ ಬರುವುದು ಅವರ ಪದ್ಧತಿ. ಹೊರಗೆ ಅಂಟಿಸಿದರೆ ಮಕ್ಕಳು ಕಿತ್ತು ಹಾಕುತ್ತಾರೆ. ಹೀಗೆ ಎಷ್ಟೋ ಅಡುಗೆಮನೆಗಳ ಮುಚ್ಚಿದ ಕತ್ತಲಲ್ಲಿ ಅವರ ನಂಬರು ತಣ್ಣಗೆ ಕೂತಿದೆ. ಅಂಗಡಿಯಿಲ್ಲ, ಬೋರ್ಡಿಲ್ಲ. ಆ ನಂಬರೇ ಅವರ ಅಂಗಡಿ.

ಅವರು ಮಾತ್ರ ತಣ್ಣಗೆ ಕೂತವರಲ್ಲ. ಊಟಕ್ಕೆ ಕೂತರೂ ಮಂಡಿ ಕುಣಿಯುತ್ತಿರುತ್ತದೆ. ಈ ಸಲ ಫೋನಿನ ಬಿಲ್ಲು ಬಂದಾಗಿನಿಂದ ಮೇಜೇ ಅಲುಗಾಡತೊಡಗಿತು.

"ಮತ್ತೆ ಏರ್ಸಿದಾರೆ. ಕರಾರು ಅಂದ್ಮೇಲೆ ಕರಾರಲ್ವಾ? ನಾನು ಒಂದು ರೇಟ್ ಹೇಳಿ, ಕಂಪ್ರೆಸರ್ ಬಿಚ್ಚಿದ್ಮೇಲೆ ಇನ್ನೊಂದು ಹೇಳಿದ್ರೆ ಜನ ಸುಮ್ನೆ ಬಿಡ್ತಾರಾ?"

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಕರಾರಿನ ಹಾಳೆ ತೆಗೆದರು. "ಇಲ್ಲೇ ಇದ್ಯಲ್ರೀ, ವರ್ಷಕ್ಕೊಂದ್ಸಲ ಏರುತ್ತೆ ಅಂತ. ಕೆಳಗೆ ನಿಮ್ಮ ಸಹಿ, ಮೀಸೆ ತಿರುವಿದ ಹಾಗೆ."

"ಫೋನ್ ಅಂಗಡಿಯವಳು ಹೇಳ್ಲೇ ಇಲ್ಲ."

"ಹೇಳಿರ್ತಾಳೆ. ನೀವು ಹೊಸ ಫೋನಿನ ಗಾಜು ಒರೆಸ್ತಾ ಕೂತಿದ್ರಿ." ಹಾಳೆ ಮಗುಚಿ, ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿದರು. "ಆದ್ರೆ ಕೇಳಿ ಇಲ್ಲಿ. ಅವಧಿ ಮುಗಿಯೋ ಮೊದ್ಲು ಬಿಟ್ರೆ ದಂಡ. ನಿಮ್ಮ ಅವಧಿ ಮುಗಿದು ಎಷ್ಟೋ ದಿನ ಆಗಿದೆ. ಈಗ ನಿಮ್ಮನ್ನ ಯಾರೂ ಹಿಡ್ಕೊಂಡಿಲ್ಲ. ಇದೇ ನಂಬರ್ ಇಟ್ಕೊಂಡು ಬೇರೆ ಕಂಪನಿಗೆ ಹೋಗ್ಬಹುದು."

ಬಾಗಿಲು ತೆರೆದೇ ಇದ್ದರೂ ತಾನು ಒಳಗೇ ಕೂತಿದ್ದೆ ಎಂಬುದು ಅವರಿಗೆ ಬಿಲ್ಲಿಗಿಂತ ಹೆಚ್ಚು ಚುಚ್ಚಿತು. ಆ ಚಡಪಡಿಕೆಯಲ್ಲೇ ಎಡವಿದ್ದು.

ಚಿಕ್ಕಪ್ಪ ಬದುಕಿಡೀ ಬಾಡಿಗೆ ಮನೆಗಳಲ್ಲಿ ಇದ್ದವರು. ಹಳೆಯ ಮನೆ ಗುಡಿಸಿ, ಬೀಗದ ಕೈ ಒಪ್ಪಿಸಿದ ಮೇಲೆಯೇ ಹೊಸ ಮನೆಗೆ ಕಾಲಿಡುವುದು ಮರ್ಯಾದೆ ಎಂದು ನಂಬಿದವರು. ಮರುದಿನ ಹಳೆಯ ಕಂಪನಿಗೆ ಫೋನ್ ಮಾಡಿ, "ನನ್ನದು ಮುಚ್ಚಿಬಿಡಿ ತಾಯಿ, ಬಾಕಿ ಏನೂ ಇಲ್ಲ" ಎಂದರು. ಖಂಡಿತವಾ ಎಂದು ಆಕೆ ಕೇಳಿದಾಗ, ಖಂಡಿತ ಎಂದರು. ಅಲ್ಲಿಂದ ಹೊಸ ಕಂಪನಿಯ ಅಂಗಡಿಗೆ ಹೋದರು.

ಕೌಂಟರಿನಾಕೆ ಕೀಬೋರ್ಡಿನ ಮೇಲಿಂದ ಕೈ ತೆಗೆದಳು. "ಅಯ್ಯೋ, ಮುಚ್ಚಿಸ್ಬಿಟ್ರಾ? ಹಳೇದು ಚಾಲ್ತಿಯಲ್ಲಿದ್ರೆ ಮಾತ್ರ ನಂಬರ್ ತರೋಕಾಗೋದು. ಅವರ ಹತ್ರ ಕೋಡ್ ಇಸ್ಕೊಂಡು ನಮಗೆ ಕೊಟ್ಟಿದ್ರೆ ಸಾಕಿತ್ತು. ನಂಬರ್ ಇಲ್ಲಿಗೆ ಬಂದ್ಮೇಲೆ ಅಲ್ಲಿ ತಾನಾಗೇ ಮುಚ್ತಿತ್ತು."

"ಹಾಗಾದ್ರೆ ನನ್ನ ನಂಬರ್ ಈಗ ಯಾರದ್ದು?"

"ಸದ್ಯಕ್ಕೆ ಯಾರದ್ದೂ ಅಲ್ಲ. ಸ್ವಲ್ಪ ದಿನ ಬಿಟ್ರೆ ಬೇರೆ ಯಾರಿಗಾದ್ರೂ ಕೊಡ್ತಾರೆ."

ಮನೆಗೆ ಬಂದವರು ಕೂರಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ಸದ್ದಿಲ್ಲದ ಫೋನನ್ನು ಜೇಬಿನಿಂದ ತೆಗೆದು ನೋಡಿ ಮತ್ತೆ ಜೇಬಿಗೆ ಹಾಕುವರು.

"ಯಾರ ಮನೇಲೋ ಫ್ರಿಜ್ ನೀರು ಸುರಿಸ್ತಿರುತ್ತೆ. ಫೋನ್ ಮಾಡ್ತಾರೆ. ಈ ನಂಬರ್ ಇಲ್ಲ ಅನ್ನುತ್ತೆ. ಐಸಪ್ಪ ಹೋಗ್ಬಿಟ್ಟ ಅಂದ್ಕೋತಾರೆ."

"ನೀವು ಹೀಗೆ ಸುತ್ತುತ್ತಿದ್ರೆ ತಲೆ ತಿರುಗಿ ನಾನೇ ಮೊದ್ಲು ಹೋಗ್ತೀನಿ," ಎಂದು ಚಿಕ್ಕಮ್ಮ ತಮ್ಮ ಫೋನು ಚಾಚಿದರು. "ಹಳಬರಿಗೇ ಮಾಡಿ. ವಾಪಸ್ ಕೊಡಿ ಅಂತ ಕೇಳಿ."

"ಬಿಟ್ಟು ಬಂದ ಮನೆ ಬಾಗಿಲಲ್ಲಿ ಮತ್ತೆ ಹೋಗಿ ನಿಲ್ಲೋದಾ?"

"ನಿಲ್ಲಿ. ಹೊಟ್ಟೆಪಾಡು ಆ ಮನೆ ಒಳಗಿದೆ."

ನಿಂತರು. ನಂಬರು ಬಿಡಿಸಿಕೊಡಲು ಪ್ರಯತ್ನಿಸಬಹುದು, ಖಾತ್ರಿಯಿಲ್ಲ ಎಂದಿತು ಆ ಕಡೆಯ ದನಿ. ಹೊಸ ಕರಾರಿಗೆ ಒಳ್ಳೆಯ ಆಫರ್ ಇದೆಯೆಂದೂ ಸೇರಿಸಿತು. ಚಿಕ್ಕಪ್ಪ ಮೊದಲ ಬಾರಿಗೆ ಗೋಡೆಗೆ ಒರಗಿ ನಿಂತು ಕೇಳಿದರು. "ನಿಧಾನವಾಗಿ ಹೇಳಮ್ಮ. ಯಾವ ತಿಂಗಳು ಏರುತ್ತೆ? ಎಷ್ಟು ಏರುತ್ತೆ? ಅದಕ್ಕಿಂತ ಜಾಸ್ತಿ ಏರ್ಸಿದ್ರೆ ದಂಡ ಇಲ್ದೆ ಬಿಡಬಹುದಾ? ಕರಾರೇ ಇಲ್ದೆ ತಿಂಗಳು ತಿಂಗಳು ಕಟ್ಟೋದು ಇಲ್ವಾ?"

ಇತ್ತು. ಕೇಳಿದವರಿಗೆ ಮಾತ್ರ ಹೇಳುವಂಥದ್ದು. ಅದನ್ನೇ ಹಿಡಿದರು.

ಆಮೇಲೆ ಕಾಯುವುದು. ಕಾಯಲಾರದೆ, ಮೊದಲೇ ಒಪ್ಪಿಕೊಂಡಿದ್ದ ಬೇಕರಿಯ ಕೆಲಸಕ್ಕೆ ಹೋದರು. ಮುಂದಿನದು ಬೇಕರಿಯಾಕೆ ಹೇಳಿದ್ದು. ಅವರು ದೊಡ್ಡ ಫ್ರಿಜ್ಜಿನ ಹಿಂದೆ ನೆಲದ ಮೇಲೆ ಮಲಗಿ, ಭುಜದವರೆಗೂ ಕೈ ಒಳಗೆ ತೂರಿಸಿದ್ದಾಗ ಜೇಬಿನಲ್ಲಿ ಫೋನು ರಿಂಗಾಯಿತು.

"ಎತ್ತೋಲ್ವಾ ಐಸಪ್ಪ?"

"ಬಡ್ಕೊಳ್ಲಿ ಬಿಡಿ. ಸ್ವಲ್ಪ ಹೊತ್ತು ಬಡ್ಕೊಳ್ಲಿ."

ನಿಂತಿತು. ಮತ್ತೆ ರಿಂಗಾದಾಗ ಮಸಿಗೈಯಲ್ಲೇ ಎತ್ತಿಕೊಂಡರಂತೆ.

ಮುಂದಿನ ತಿಂಗಳು, ನಂಬರನ್ನು ಹೊಸ ಕಂಪನಿಗೆ ಒಯ್ಯುವ ಕೋಡ್ ಕೇಳಲು ಗಂಡ ಹೆಂಡತಿ ಒಟ್ಟಿಗೆ ಕೂತರು. ಚಿಕ್ಕಮ್ಮ ಸಂದೇಶ ಬರೆದು ಕಳಿಸುವುದರಲ್ಲಿದ್ದರು. ಚಿಕ್ಕಪ್ಪ ಅವರ ಮಣಿಕಟ್ಟು ಹಿಡಿದುಕೊಂಡರು.

"ತಡಿ, ತಡಿ. ಮುಚ್ಚು ಅಂತ ಎಲ್ಲೂ ಬರೆದಿಲ್ಲ ತಾನೆ? ಇನ್ನೊಂದ್ಸಲ ಓದು."