ಬಕೆಟ್ಟಪ್ಪ ಹಚ್ಚಿದ ಹಸಿರು ಬಣ್ಣ

ಗುಡ್ಡದ ನೆತ್ತಿಯ ರೆಸಾರ್ಟಿನಲ್ಲಿ ಸೈಕಲ್ ದಾರಿಗಳನ್ನು ನೋಡಿಕೊಳ್ಳುವವನನ್ನು ಎಲ್ಲರೂ ಬಕೆಟ್ಟಪ್ಪ ಎನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು, ಈತ ಮೇಲಿನವರಿಗೆ ಬಕೆಟ್ ಹಿಡಿಯುವ ಆಸಾಮಿ ಇರಬೇಕು ಎಂದುಕೊಳ್ಳುತ್ತಿದ್ದರು. ಪಾಪ, ಅವನು ಹಿಡಿಯುತ್ತಿದ್ದದ್ದು ನೀರು ತುಂಬಿದ ಬಕೆಟ್ಟನ್ನೇ. ಗುಡ್ಡದಿಂದ ಇಳಿಯುವ ನಾಲ್ಕು ದಾರಿಗಳಲ್ಲಿ ಯಾವುದು ಎಷ್ಟು ಕಷ್ಟ ಎಂದು ತೀರ್ಮಾನಿಸಲು ಅವನಿಗೆ ಗೊತ್ತಿದ್ದದ್ದು ಅದೊಂದೇ ಉಪಾಯ. ಬಕೆಟ್ಟಿಗೆ ಕಂಠಮಟ್ಟ ನೀರು ತುಂಬಿಕೊಂಡು ದಾರಿಯುದ್ದಕ್ಕೂ ನಡೆಯುವುದು. ಬುಡ ಮುಟ್ಟುವಾಗ ನೀರು ಹಾಗೇ ಇದ್ದರೆ ಹಸಿರು ಬೋರ್ಡು. ಅದು ಈಗಷ್ಟೇ ಕಲಿಯುತ್ತಿರುವವರಿಗೆ. ಕಾಲು ಭಾಗ ಚೆಲ್ಲಿದರೆ ನೀಲಿ, ಅರ್ಧ ಚೆಲ್ಲಿದರೆ ಕೆಂಪು. ಬಕೆಟ್ಟನ್ನು ಕೆಳಗಿಟ್ಟು, ಬಂಡೆ ತಬ್ಬಿಕೊಂಡು, ಅಂಡೂರಿ ಇಳಿಯಬೇಕಾಗಿ ಬಂದರೆ ಕಪ್ಪು. ಹದಿನಾಲ್ಕು ವರ್ಷದಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ದಾರಿಗಳೇನೋ ಸರಿಯಾಗಿದ್ದವು. ಬರುವ ಅತಿಥಿಗಳಿಗೆ ಮಾತ್ರ ಮರ್ಯಾದೆಯ ಚಿಂತೆ ಸ್ವಲ್ಪ ಜಾಸ್ತಿಯಾಗಿತ್ತು. ಶಾಲೆ ಬಿಟ್ಟ ಮೇಲೆ ಸೈಕಲ್ ಮುಟ್ಟದವರು ಕೂಡ ಬಾಡಿಗೆ ಹೆಲ್ಮೆಟ್ ತಲೆ ಮೇಲೆ ಕೂತ ಕೂಡಲೇ ಶೂರರಾಗುತ್ತಿದ್ದರು. ಹಸಿರು ಬೋರ್ಡು ತೋರಿಸಿದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬರು "ನಮ್ಮನ್ನ ನೋಡಿದ್ರೆ ನಿಮಗೆ ಏನನ್ಸುತ್ತೆ?" ಎಂದು ಕೇಳಿ, ಸೀದಾ ಕಪ್ಪು ದಾರಿ ಹಿಡಿದು, ತಮ್ಮದೇ ಎರಡು ಹಲ್ಲನ್ನು ಅಲ್ಲಿ ಬಿಟ್ಟು ಬಂದರು. ಆಮೇಲೆ ಅವರು ಬರೆದುಕೊಟ್ಟ ದೂರಿನಲ್ಲಿ ಹಲ್ಲಿನ ಸುದ್ದಿಯೇ ಇರಲಿಲ್ಲ. ಹಸಿರು ಬೋರ್ಡು ತೋರಿಸಿ ಅವಮಾನ ಮಾಡಿದರು ಎಂದಿತ್ತು.

ಮ್ಯಾನೇಜರು ಬಕೆಟ್ಟಪ್ಪನನ್ನು ಒಳಗೆ ಕರೆಸಿದರು. ವಯಸ್ಸಿನಲ್ಲಿ ಸಣ್ಣವರು, ಯೋಚನೆಯಲ್ಲಿ ಬಹಳ ದೊಡ್ಡವರು.

"ನೋಡ್ರೀ, ಎಲ್ಲ ದಾರಿಗೂ ಒಂದೊಂದು ಬಡ್ತಿ ಕೊಟ್ಬಿಡೋಣ. ಹಸಿರಿಗೆ ನೀಲಿ ಬೋರ್ಡು ಹಾಕಿ, ನೀಲಿಗೆ ಕೆಂಪು, ಕೆಂಪಿಗೆ ಕಪ್ಪು. ಅತಿಥಿಗಳು ಖುಷಿಯಾಗಿ ಮನೆಗೆ ಹೋಗ್ಲಿ."

"ಮತ್ತೆ ಕಪ್ಪು ದಾರಿ ಏನ್ಮಾಡೋದು ಸಾರ್? ಮುಚ್ಚಿಬಿಡೋಣ್ವಾ?"

"ನಾಲ್ಕು ದಾರಿ ಅಂತ ಜಾಹೀರಾತು ಕೊಟ್ಟಾಗಿದೆ. ಹಸಿರು ಬೋರ್ಡು ಮಿಕ್ಕಿದೆಯಲ್ಲ, ಅದನ್ನ ಅಲ್ಲಿ ನೆಡಿ."

"ಅಯ್ಯೋ ಸಾರ್, ಅಲ್ಲಿ ಆಳುದ್ದದ ಬಂಡೆ ಇದೆ."

"ಹಸಿರು ಬೋರ್ಡು ನೋಡಿ ಇವತ್ತಿನವರೆಗೆ ಯಾರಾದ್ರೂ ಆ ಕಡೆ ಹೋಗಿದಾರಾ?"

"ಇಲ್ಲ ಸಾರ್."

"ಹಾಗಾದ್ರೆ ಅದಕ್ಕಿಂತ ಒಳ್ಳೆ ಬೇಲಿ ಎಲ್ಲಿ ಸಿಗುತ್ತೆ ಹೇಳಿ."

ಬಕೆಟ್ಟಪ್ಪ ತಲೆ ಕೆರೆದುಕೊಂಡ. ಮಾತಿನಲ್ಲಿ ಎಲ್ಲೋ ಎಡವಟ್ಟಿದೆ ಎಂದು ಗೊತ್ತು, ಎಲ್ಲಿ ಎಂದು ಬೆರಳಿಟ್ಟು ತೋರಿಸಲು ಬರಲಿಲ್ಲ. ನಿಜ ಹೇಳಬೇಕೆಂದರೆ ಹೆದರಿಕೆಯೂ ಇತ್ತು. ಬಾಯಿ ಮುಚ್ಚಿಕೊಂಡು ಬೋರ್ಡುಗಳಿಗೆ ಹೊಸದಾಗಿ ಬಣ್ಣ ಹಚ್ಚಿದ, ಹೇಳಿದಲ್ಲಿ ನೆಟ್ಟ. ಬಕೆಟ್ಟನ್ನು ಮೆಟ್ಟಿಲ ಕೆಳಗೆ ಬೋರಲು ಹಾಕಿಟ್ಟ.

ಯೋಜನೆ ಫಲಿಸಿತು ಅಂದರೆ ನಂಬುತ್ತೀರಾ? ಮೂರು ತಿಂಗಳು ಯಾರ ಹಲ್ಲೂ ಉದುರಲಿಲ್ಲ. ಜನ ಕಪ್ಪು ಬೋರ್ಡಿನ ಪಕ್ಕ ಎದೆಯುಬ್ಬಿಸಿ ಫೋಟೋ ತೆಗೆಸಿಕೊಂಡರು. ಹಸಿರು ಬೋರ್ಡಿನ ಕಡೆ ನರಪಿಳ್ಳೆಯೂ ಸುಳಿಯಲಿಲ್ಲ. ಮ್ಯಾನೇಜರಿಗೆ ಮೇಲಿನಿಂದ ಶಹಬ್ಬಾಸ್‌ಗಿರಿ ಬಂತು.

ಬಕೆಟ್ಟಪ್ಪನ ಹೆಂಡತಿ ಅದೇ ರೆಸಾರ್ಟಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ನಲವತ್ತಾರರ ವಯಸ್ಸಿನಲ್ಲಿ, ಒಣಹಾಕಿದ ಬೆಡ್‌ಶೀಟುಗಳ ಸಾಲಿನ ನಡುವೆ ಬಿದ್ದು ಎದ್ದು ಸೈಕಲ್ ಕಲಿತಿದ್ದಳು. ಗುಡ್ಡದ ಮೇಲಿನಿಂದ ಒಂದೇ ಒಂದು ಸಲ ಗಾಳಿ ಸೀಳಿಕೊಂಡು ಇಳಿಯಬೇಕು, ಅಷ್ಟೇ ಅವಳ ಆಸೆ. "ಹಸಿರು ದಾರೀಲಿ ನಾನೇ ಕರ್ಕೊಂಡು ಹೋಗ್ತೀನಿ ಕಣೆ" ಎಂದು ಅವನು ಯಾವತ್ತೋ ಮಾತು ಕೊಟ್ಟಿದ್ದ. ಬೋರ್ಡು ಬದಲಾದದ್ದನ್ನು ಮಾತ್ರ ಹೇಳಿರಲಿಲ್ಲ. ತನ್ನ ಗಂಡನ ಬಕೆಟ್ ಲೆಕ್ಕವೆಂದರೆ ಲೆಕ್ಕ ಎಂದು ಅವಳು ಅಕ್ಕತಂಗಿಯರ ಮುಂದೆ ಕೊಚ್ಚಿಕೊಳ್ಳುವುದನ್ನು ಕೇಳಿದಾಗಲೆಲ್ಲ ಅವನಿಗೆ ನಾಲಗೆ ಏಳುತ್ತಿರಲಿಲ್ಲ. ನಾಳೆ ಹೇಳಿದರಾಯಿತು ಎಂದು ದಿನ ದೂಡುತ್ತಿದ್ದ.

ಸೋಮವಾರ ಅತಿಥಿಗಳಿರುವುದಿಲ್ಲ, ಅವತ್ತು ಕೆಲಸದವರು ಸೈಕಲ್ ತೆಗೆದುಕೊಳ್ಳಬಹುದು. ಅಂಥ ಒಂದು ಸೋಮವಾರ ಬೆಳಿಗ್ಗೆ ಇಬ್ಬರೂ ಹೊರಟಿದ್ದರು. ದಾರಿಯ ಬಾಯಿಗೆ ಹೋದ ಮೇಲೆ ಬೋರ್ಡಿನ ವಿಷಯ ಹೇಳಿದರಾಯಿತು ಎಂದು ಅವನು ಅಂದುಕೊಂಡಿದ್ದ. ಅಷ್ಟರಲ್ಲಿ ಚರಂಡಿ ಕಟ್ಟಿಕೊಂಡಿದೆ ಎಂದು ಮ್ಯಾನೇಜರಿಂದ ಬುಲಾವ್ ಬಂತು. ಕೆಸರುಗೈಯಲ್ಲೇ ಬಕೆಟ್ಟಪ್ಪ ಸೈಕಲ್ ಶೆಡ್ಡಿಗೆ ಬಂದಾಗ ಅಲ್ಲಿನ ರಿಪೇರಿಯವನು ಹೇಳಿದ:

"ಅಕ್ಕ ಕಾದು ಕಾದು ಈಗ ಹೊರಟ್ರು."

"ಯಾವ ದಾರಿಗೆ?"

"ಇನ್ಯಾವುದಕ್ಕೆ? ಹಸಿರಿಗೆ. ನೀವೇ ಹೇಳಿದ್ರಂತಲ್ಲ."

ಬಕೆಟ್ಟಪ್ಪ ಬಂಡೆಯ ದಾರಿಯತ್ತ ಬಿದ್ದಂಬೀಳ ಓಡಿದ. ಅವಳು ಬಂಡೆಯ ಕೆಳಗಿನ ಪೊದೆಯಲ್ಲಿ ಕೂತಿದ್ದಳು. ಕೆನ್ನೆ ತರಚಿತ್ತು, ಬಲಗೈ ಮಣಿಕಟ್ಟು ಬಾಗಬಾರದ ಕಡೆ ಬಾಗಿತ್ತು. ಅವನು ಹಣೆ ಚಚ್ಚಿಕೊಂಡು, ಮೂರು ತಿಂಗಳಿಂದ ನುಂಗಿಕೊಂಡಿದ್ದನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬಂಡೆ ದೂರದಿಂದಾನೇ ಕಾಣ್ತು ರೀ" ಎಂದಳು. "ನೀವು ಹಸಿರು ಹಾಕಿದೀರಲ್ಲ, ಆಚೆ ಸುಲಭ ಇರ್ಬೇಕು ಅಂತ ಬ್ರೇಕ್ ಬಿಟ್ಟೆ."

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆಸ್ಪತ್ರೆಯ ದಾರಿಯುದ್ದಕ್ಕೂ ಅತ್ತದ್ದು ಅವನೇ.

ಮರುದಿನ ಬಕೆಟ್ಟಪ್ಪ ಯಾರ ಅಪ್ಪಣೆಗೂ ಕಾಯದೆ ನಾಲ್ಕೂ ಬೋರ್ಡು ಕಿತ್ತ. ಬಕೆಟ್ ತುಂಬಿಕೊಂಡು ನಾಲ್ಕೂ ದಾರಿ ನಡೆದ. ಅವನು ಬೋರ್ಡುಗಳನ್ನು ಹಳೆಯ ಜಾಗದಲ್ಲಿ ನೆಡುತ್ತಿರುವಾಗ ಮ್ಯಾನೇಜರು ಏದುಸಿರು ಬಿಡುತ್ತ ಬಂದರು.

"ಯಾರನ್ನ ಕೇಳಿ ಮಾಡ್ತಿದೀರಿ ಇದನ್ನೆಲ್ಲ?"

"ಬಕೆಟ್ಟನ್ನ ಕೇಳಿ ಸಾರ್."

"ಅತಿಥಿಗಳು ಬೈತಾರೆ ಕಣ್ರೀ."

"ಬಾಯ್ತುಂಬ ಹಲ್ಲಿರುತ್ತಲ್ಲ ಸಾರ್, ಬೈಕೊಳ್ಳಲಿ ಬಿಡಿ."

ಮೇಲಿನವರಿಗೆ ವರದಿ ಮಾಡುತ್ತೇನೆ ಎಂದು ಮ್ಯಾನೇಜರು ಗುಡುಗಿದರು. ಕಪ್ಪು ದಾರಿಗೆ ಹಸಿರು ಬೋರ್ಡು ಹಾಕಲು ಹೇಳಿದ್ದು ಯಾರು ಎಂಬುದನ್ನೂ ಅದರಲ್ಲೇ ಬರೆಯಬೇಕಾಗುತ್ತದೆ ಎಂದು ನೆನಪಾಗಿರಬೇಕು, ಆ ವರದಿ ಹೊರಡಲೇ ಇಲ್ಲ.

ಎರಡು ತಿಂಗಳ ಮೇಲೆ, ಕೈಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ನಂತರದ ಸೋಮವಾರ, ಹೆಂಡತಿ ತಾನಾಗಿಯೇ ಗುಡ್ಡದ ಮೇಲೆ ಬಂದಳು. ಬಕೆಟ್ಟಪ್ಪ ಅವಳ ಸೈಕಲ್ ಒರೆಸಿ, ಬ್ರೇಕು ಬಿಗಿಮಾಡಿ, ಹಸಿರು ಬೋರ್ಡಿನ ಪಕ್ಕ ಕಾಯುತ್ತಿದ್ದ.

"ಇದು ನಿಜವಾದ ಹಸಿರು ಕಣೆ. ನನ್ನಾಣೆಗೂ."

ಅವಳು ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. "ಬಕೆಟ್ ಎಲ್ಲಿ?" ಎಂದು ಕೇಳಿದಳು. ನಲ್ಲಿಯ ಕೆಳಗಿಟ್ಟು ತಾನೇ ಕಂಠಮಟ್ಟ ತುಂಬಿದಳು. ಎಡಗೈಯಲ್ಲಿ ಎತ್ತಿಕೊಂಡು, ನೀರಿನ ಮೇಲೆಯೇ ಕಣ್ಣಿಟ್ಟು, ಒಬ್ಬಳೇ ಒಂದೊಂದೇ ಹೆಜ್ಜೆ ಇಳಿಯತೊಡಗಿದಳು. ಅವಳು ಹೋಗಿ ಬರುವವರೆಗೂ ಬಕೆಟ್ಟಪ್ಪ ಸೈಕಲ್ ಹಿಡಿದುಕೊಂಡು ಮೇಲೆಯೇ ನಿಂತಿದ್ದ.