ಹದಿನೇಳನೇ ನಲ್ಲಿಯ ನೀರು

‘ಇವತ್ತೂ ನಲ್ಲಿಯ ಹತ್ತಿರ ಆ ಅಜ್ಜಿ ಕೇಳಿದರೆ ಏನು ಹೇಳಲಿ?’

ದಿನಚರಿಯಲ್ಲಿ ಇಷ್ಟೇ ಬರೆದು, ಕೆಳಗೊಂದು ಗೆರೆ ಎಳೆದು, ಆಕೆ ಚೀಲ ಹೆಗಲಿಗೇರಿಸುತ್ತಾಳೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಚೀಲದಲ್ಲಿ ಗಾಜಿನ ಕೊಳವೆಗಳು, ಗುಳಿಗೆಯ ಡಬ್ಬಿ, ಒರೆಸುವ ಬಟ್ಟೆ. ಬೀದಿ ನಲ್ಲಿಗಳ ನೀರಿನಲ್ಲಿ ಕ್ಲೋರಿನ್ ಇದೆಯೋ ಇಲ್ಲವೋ ನೋಡುವುದು ಆಕೆಯ ಕೆಲಸ. ನೀರಿಗೆ ಗುಳಿಗೆ ಹಾಕಿ ಅಲುಗಿಸಿದರೆ ಗುಲಾಬಿ ಬಣ್ಣ ಬರಬೇಕು. ಬಂದರೆ ಸರಿ. ಬಾರದಿದ್ದರೆ ಆ ನೀರನ್ನು ನಂಬುವಂತಿಲ್ಲ.

ಹೊಸಿಲು ದಾಟುವ ಮೊದಲೇ ಫೋನು ಗುರ್‍ರೆನ್ನುತ್ತದೆ. ‘ನೀವು ನಾಲ್ಕನೇ ನಲ್ಲಿಯನ್ನು ತಲುಪಿದ್ದೀರಿ.’ ನಾಲ್ಕನೇ ನಲ್ಲಿ ಇರುವುದು ಹಿಂದಿನ ಬೀದಿಯಲ್ಲಿ. ಫೋನಿನಲ್ಲಿ ಕಚೇರಿ ಹಾಕಿಕೊಟ್ಟ ನಕ್ಷೆಯಲ್ಲಿ ಅದರ ಸುತ್ತ ಎಳೆದ ಮೂವತ್ತು ಮೀಟರಿನ ವೃತ್ತ ಮಾತ್ರ ಈ ಮನೆಯ ಮಲಗುವ ಕೋಣೆಯವರೆಗೂ ಕೈ ಚಾಚಿದೆ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ಅದು ಕೂಗಿಕೊಳ್ಳುತ್ತದೆ.

“ಮಲಗಿದಲ್ಲೇ ಡ್ಯೂಟಿಗೆ ಹಾಜರ್. ಇಂಥ ನೌಕರಿ ಯಾರಿಗುಂಟು ಹೇಳು,” ಎನ್ನುತ್ತಾರೆ ಅಮ್ಮ, ಕಂಬಳಿಯೊಳಗಿಂದಲೇ.

ದಿನಕ್ಕೆ ಮೂವತ್ತೆಂಟು ನಲ್ಲಿ, ಹನ್ನೊಂದು ಕಿಲೋಮೀಟರ್ ನಡಿಗೆ, ಬೆಳಿಗ್ಗೆ ಒಂಬತ್ತಕ್ಕೆ ಗಡುವು. ವೃತ್ತದೊಳಗೆ ಕಾಲಿಟ್ಟರೆ ಫೋನು ಕೂಗುತ್ತದೆ, ಆಗಷ್ಟೇ ಫಲಿತಾಂಶ ತುಂಬುವ ಫಾರಂ ತೆರೆಯುತ್ತದೆ. ಹೊರಗೆ ನಿಂತು ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಮನೆಯಲ್ಲಿ ಕೂತು ಯಾರೂ ಸುಳ್ಳು ಲೆಕ್ಕ ತುಂಬಬಾರದೆಂದು ಮಾಡಿದ ಏರ್ಪಾಡು. ಆಲೋಚನೆಯೇನೋ ಒಳ್ಳೆಯದೇ, ಆದರೆ ವೃತ್ತ ಎಳೆದವರು ನಲ್ಲಿ ನೋಡಿದವರಲ್ಲ.

ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಆಕೆ ಈ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ಕೆಲಸ ಇನ್ನೂ ಕಾಯಂ ಆಗಿಲ್ಲ. ಮಾತು ಕಮ್ಮಿ. ಕಚೇರಿಯಲ್ಲಿ ಎಲ್ಲರೂ ‘ಸೈಲೆಂಟ್ ಮೋಡ್’ ಎಂದೇ ಕರೆಯುವುದು. ಹೇಳಬೇಕೆಂದುಕೊಂಡದ್ದು ಗಂಟಲವರೆಗೆ ಬಂದು, ಅಲ್ಲಿಂದ ತಿರುಗಿ ದಿನಚರಿಗೆ ಹೋಗುತ್ತದೆ.

ಹದಿನೇಳನೇ ನಲ್ಲಿ ನಲವತ್ತು ಮನೆಗಳ ಒಂದು ಗಲ್ಲಿಯ ತುದಿಯಲ್ಲಿದೆ. ಅದರ ವೃತ್ತವೋ, ಎತ್ತರದ ಗೋಡೆಯಾಚೆ ಪಂಪ್‌ಹೌಸಿನ ಅಂಗಳದಲ್ಲಿ ಬಿದ್ದಿದೆ. ಸುತ್ತಿ ಹೋಗಲು ಆರು ನಿಮಿಷ. ಅಲ್ಲೂ ಒಂದು ನಲ್ಲಿ ಇದೆ. ಕ್ಲೋರಿನ್ ಬೆರೆಸುವ ಜಾಗದ ಪಕ್ಕದ್ದೇ ನಲ್ಲಿ, ಅದರ ನೀರು ಯಾವತ್ತೂ ಗುಲಾಬಿ.

ಕೆಲಸ ಕಲಿಸಿದ ಹಿರಿಯ ಸಹೋದ್ಯೋಗಿ ಮೊದಲ ದಿನವೇ ಹೇಳಿದ್ದರು. “ಫೋನ್ ಎಲ್ಲಿ ಕೂಗುತ್ತೋ ಅಲ್ಲೇ ನೀರು ಹಿಡಿ ತಂಗಿ. ನಾನೂ ಹಾಗೇ ಮಾಡಿದ್ದು. ನಕ್ಷೆ ಜೊತೆ ಜಗಳ ಆಡೋಕೆ ನಮಗೆ ಸಂಬಳ ಕೊಡಲ್ಲ.”

ಆಕೆಯೂ ಹಾಗೇ ಮಾಡಿದಳು. ಮೂರು ತಿಂಗಳು. ಆಮೇಲೊಂದು ದಿನ ಮನಸ್ಸು ತಡೆಯದೆ ಗಲ್ಲಿಯ ನಲ್ಲಿಗೂ ಕೊಳವೆ ಹಿಡಿದಳು. ನೀರು ಬಣ್ಣವೇ ತಿರುಗಲಿಲ್ಲ. ಅಂದಿನಿಂದ ಎರಡೂ ಕಡೆ ನೋಡುತ್ತಾಳೆ. ಅಂಗಳದ್ದು ಫೋನಿಗೆ, ಗಲ್ಲಿಯದ್ದು ದಿನಚರಿಗೆ. ಹತ್ತೊಂಬತ್ತು ದಿನಗಳಲ್ಲಿ ಹದಿನಾಲ್ಕು ದಿನ ಬಣ್ಣವಿಲ್ಲ.

ದೂರು ಕೊಡಲಿಲ್ಲವೇ? ಕೊಟ್ಟಿದ್ದಾಳೆ. ‘ಸ್ಥಳ ತಪ್ಪಾಗಿದೆ’ ಎಂಬ ಗುಂಡಿಯೂ ವೃತ್ತದೊಳಗೆ ನಿಂತರೆ ಮಾತ್ರ ಕೆಲಸ ಮಾಡುತ್ತದೆ. ಜೊತೆಗೆ ಅಲ್ಲೇ ನಿಂತು ನಲ್ಲಿಯ ಫೋಟೊ ತೆಗೆಯಬೇಕು. ಅಂಗಳದಲ್ಲಿ ನಿಂತರೆ ಅಂಗಳದ ನಲ್ಲಿಯಲ್ಲದೆ ಇನ್ಯಾವುದು ಬೀಳುತ್ತದೆ? ಎರಡೇ ದಿನದಲ್ಲಿ ಉತ್ತರ ಬಂತು. ‘ಪರಿಶೀಲಿಸಲಾಗಿದೆ. ಸ್ಥಳ ಸರಿಯಾಗಿದೆ.’

“ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸ್ತು. ಆ ಗೋಡೆಯೂ ವೃತ್ತದ ಹೊರಗೇ ಇದೆ,” ಎಂದು ಅಮ್ಮನ ಹತ್ತಿರ ಮಾತ್ರ ಹೇಳುತ್ತಾಳೆ ಆಕೆ. ನಗುವುದಿಲ್ಲ. “ನಂಗೆ ದೊಡ್ಡ ಆಸೆ ಏನಿಲ್ಲ. ಆ ವೃತ್ತ ಒಂದು ಎಂಬತ್ತು ಮೀಟರ್ ಈಚೆ ಬರಲಿ, ಅಷ್ಟು ಸಾಕು.”

ಹದಿನೇಳನೇ ನಲ್ಲಿಯ ಬಳಿ ಇವತ್ತು ಮೇಲ್ವಿಚಾರಕರೇ ಬಂದು ನಿಂತಿದ್ದಾರೆ. ಕೈಯಲ್ಲಿ ಫೋನು. “ದಿನಾ ಇಲ್ಲಿ ವೃತ್ತದ ಹೊರಗೆ ಹನ್ನೊಂದು ನಿಮಿಷ ತೋರಿಸ್ತಿದೆ. ಏನಮ್ಮಾ ಮಾಡ್ತಿರ್ತೀಯ ಇಲ್ಲಿ?”

ಆಕೆ ಕೊಳವೆ ತುಂಬಿ, ಗುಳಿಗೆ ಹಾಕಿ ಅಲುಗಿಸುತ್ತಾಳೆ. ಅಷ್ಟರಲ್ಲಿ ಮೂಲೆಮನೆಯ ಅಜ್ಜಿ ಕೊಡ ಇಳಿಸಿ, ದಿನವೂ ಕೇಳುವುದನ್ನೇ ಕೇಳುತ್ತಾರೆ. “ನೀರು ಚೆನ್ನಾಗಿದೆಯಾ ಮಗಳೇ? ಹೋದ ವಾರದಿಂದ ಮೂರು ಮನೆ ಮಕ್ಕಳಿಗೆ ಹೊಟ್ಟೆ ಸರಿಯಿಲ್ಲ. ನಮ್ಮನೇದೂ ಸೇರಿ.”

“ದಾಖಲೇಲಿ ಪಕ್ಕಾ ಇದೆ ಅಜ್ಜಿ,” ಎನ್ನುತ್ತಾರೆ ಮೇಲ್ವಿಚಾರಕರು, ಪರದೆಯನ್ನು ಅಜ್ಜಿಯ ಕಡೆ ತಿರುಗಿಸಿ. “ನಾಲ್ಕು ತಿಂಗಳಿಂದ ಒಂದಿನವೂ ತಪ್ಪಿಲ್ಲ. ಎಲ್ಲಾ ಹಸಿರು ಗುರುತು, ನೋಡಿ.”

ಅಜ್ಜಿ ಪರದೆ ನೋಡುವುದಿಲ್ಲ, ಆಕೆಯ ಮುಖ ನೋಡುತ್ತಾರೆ. ಕೊಳವೆಯ ನೀರು ತಿಳಿಯಾಗಿಯೇ ಇದೆ, ಹಿಡಿದಾಗ ಹೇಗಿತ್ತೋ ಹಾಗೆ. ಆಕೆ ಅದನ್ನು ಬೆಳಕಿಗೆ ಎತ್ತಿ ಹಿಡಿಯುತ್ತಾಳೆ.

“ಆ ಹಸಿರು ಗುರುತು ಈ ನಲ್ಲೀದಲ್ಲ ಸಾರ್. ಗೋಡೆಯಾಚೆ ನಲ್ಲೀದು. ಕಳಿಸಿದ್ದು ನಾನೇ,” ಎನ್ನುತ್ತಾಳೆ. ಆಮೇಲೆ ಅಜ್ಜಿಯ ಕಡೆ ತಿರುಗುತ್ತಾಳೆ. “ಕುದಿಸದೆ ಕುಡೀಬೇಡಿ ಅಜ್ಜಿ. ಈ ನೀರು ಚೆನ್ನಾಗಿಲ್ಲ.”