ಅತ್ತೆಯ ಹೆಸರು ಹೇಳಿದವಳು

ಹೊಸ ಮನೋವೈದ್ಯರಿಗೆ ಮಾನಸಿಕ ಆರೋಗ್ಯದ ಕಾಯ್ದೆ ಕಲಿಸುವ ಕೆಲಸ ವಿಜಯಪುರದಲ್ಲಿ ನನ್ನ ಪಾಲಿಗೆ ಬಂದಿತ್ತು. ಅದರ ಕಲಮುಗಳನ್ನು ಎಲ್ಲರೂ ಗಿಳಿಪಾಠದಂತೆ ಒಪ್ಪಿಸುತ್ತಿದ್ದರು. ರೋಗಿ ಎದುರಿಗೆ ಕೂತರೆ ಮಾತ್ರ ಅವರ ಕಣ್ಣು ಜೊತೆಗೆ ಬಂದವರ ಮೇಲೇ. ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಒಂದು ದಿನ ಬಿಜ್ಜರಗಿಯಿಂದ ದ್ರಾಕ್ಷಿ ಬೆಳೆಯುವ ರೈತನೊಬ್ಬ ಹೆಂಡತಿಯನ್ನು ಕರೆತಂದ. ಅವನ ತಾಯಿ ಹೊರಗಿನ ಬೆಂಚಿನ ಮೇಲೆ ಕೂತಳು. ಹೆಂಡತಿಗೆ ಕೆಲವು ದಿನಗಳಿಂದ ನಿದ್ದೆಯಿಲ್ಲ, ಕಿವಿಯಲ್ಲಿ ಯಾರೋ ಬೈದಂತೆ ಕೇಳಿಸುತ್ತಿತ್ತು. ವಾರ್ಡಿನಲ್ಲಿ ಇದ್ದರೆ ಒಳ್ಳೆಯದಿತ್ತು. ನನ್ನ ಬಳಿ ಕಲಿಯುತ್ತಿದ್ದ ತರುಣ ವೈದ್ಯ ಒಪ್ಪಿಗೆಯ ಹಾಳೆಯನ್ನು ಸೀದಾ ಗಂಡನ ಕೈಗಿಟ್ಟ.

“ನಾ ಇರಂಗಿಲ್ರಿ,” ಎಂದಳು ಹೆಂಡತಿ.

“ಇಕಿ ಮಾತು ಏನ್ ಕೇಳ್ತೀರಿ ಸಾಹೇಬ್ರ? ನಾ ಸಹಿ ಮಾಡ್ತೇನಿ,” ಎಂದ ಗಂಡ.

ನಾನು ಹಾಳೆ ಕಿತ್ತುಕೊಂಡೆ. “ಡಾಕ್ಟ್ರ, ಜಡ್ಡು ಯಾರಿಗೆ? ಆಕಿನ್ನ ಕೇಳ್ರಿ ಮೊದಲ.”

ಕೇಳಿದ. ಔಷಧ ಯಾಕೆ, ವಾರ್ಡು ಯಾಕೆ, ಬೇಡವೆಂದರೆ ಏನಾಗಬಹುದು, ಎಲ್ಲ ಆಕೆಗೆ ತಿಳಿದಿತ್ತು. ಹಾಗಿದ್ದ ಮೇಲೆ ಆಕೆ ಒಪ್ಪದೆ ಇಟ್ಟುಕೊಳ್ಳುವಂತಿಲ್ಲ; ಗಂಡ ಹತ್ತು ಸಹಿ ಹಾಕಿದರೂ ಅಷ್ಟೇ.

“ಮತ್ತ್ಯಾಕ ಒಲ್ಲೆ ಅಂತೀರಿ ಅಕ್ಕಾ?” ಎಂದ ವೈದ್ಯ.

“ತಲಿ ಪೂರಾ ಕೆಟ್ಟಾಗ ನನ್ನ ಪರವಾಗಿ ಇವ್ರೇ ಮಾತಾಡ್ತಾರ. ಅದ ನೋಡ್ರಿ ಅಂಜಿಕಿ.”

ಆಗ ವೈದ್ಯನಿಗೆ ಕಾಯ್ದೆಯ ಪಾಠ ನೆನಪಾಯಿತು. ಅಂಥ ಹೊತ್ತಿನಲ್ಲಿ ತನ್ನ ಪರ ಮಾತಾಡುವವರನ್ನು ಆಕೆಯೇ ಆರಿಸಬಹುದು, ಗಂಡನೇ ಆಗಬೇಕೆಂದಿಲ್ಲ ಎಂದು ಹೇಳಿದ. ತವರಿನವರ ಹೆಸರು ಬರುತ್ತದೆಂದು ಕಾದೆವು.

“ನಮ್ಮ ಅತ್ತಿ,” ಎಂದಳು.

ಗಂಡ ನಕ್ಕೇಬಿಟ್ಟ. “ಯಪ್ಪಾ! ಇಬ್ಬರೂ ಹಾವು ಮುಂಗಸಿ ಅದಾರ್ರಿ!”

ಮುದುಕಿಯನ್ನು ಒಳಗೆ ಕರೆದೆವು. ಸೊಸೆಗೆ ತನಗೇ ತೋಚದಿದ್ದಾಗ, ಆಕೆ ಮೊದಲು ಏನು ಬಯಸಿದ್ದಳೋ ಅದನ್ನು ನೋಡಿಯೇ ಆಕೆಯ ಪರ ಮಾತಾಡಬೇಕು, ನಿಮಗೆ ತೋಚಿದ್ದನ್ನಲ್ಲ ಎಂದು ವೈದ್ಯ ತಿಳಿಸಿ ಹೇಳಿದ.

“ನನ್ನ ಮಗ ಬ್ಯಾರೆ ಹೇಳಿದ್ರ?”

“ಆವಾಗೂ ನಿಮ್ಮನ್ನ ಕೇಳೋದು, ಯವ್ವಾ.”

ಮುದುಕಿ ಮಗನ ಕಡೆ ತಿರುಗಿದಳು. “ಹೋದ ಸಲ ಹಿಂಗಾದಾಗ ಇಕಿನ್ನ ಕಂಬಕ್ಕ ಕಟ್ಟಿದಿ. ಹಗ್ಗಾ ಬಿಚ್ಚಿದಾಕಿ ನಾ. ಇನ್ನೊಮ್ಮಿ ಕಟ್ಟು, ನೋಡೂಣು.”

ವೈದ್ಯ ಬಿಳಿ ಹಾಳೆಯಲ್ಲಿ ಅತ್ತೆಯ ಹೆಸರು ಬರೆದ, ಸೊಸೆ ಸಹಿ ಹಾಕಿದಳು.

ಸೊಸೆ ಸೆರಗು ಸರಿಮಾಡಿಕೊಂಡು ಎದ್ದಳು. “ಡಾಕ್ಟ್ರ, ನನ್ನ ಹಾಸಿಗಿ ಎಲ್ಲೈತ್ರಿ?”